ಅವ್ವ ಬಿಟ್ಟುಕೊಟ್ಟ ಎಂಟುನೂರು ರೂಪಾಯಿ

ಮಂಡ್ಯ ಸೀಮೆಯ ನಮ್ಮೂರಿನಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆ ಪ್ರೈಮರಿ ಶಾಲೆ ಮೇಷ್ಟ್ರ ಮನೆ. ನಮ್ಮದು ನಾಲೆ ನೀರಿನ ಗದ್ದೆ, ಕಬ್ಬು. ನೀರು ಕೈಕೊಡದ ವರ್ಷಗಳಲ್ಲಿ ಅಪ್ಪನ ಆದಾಯ ಮೇಷ್ಟ್ರ ಸಂಬಳಕ್ಕೇನೂ ಕಡಿಮೆ ಇರುತ್ತಿರಲಿಲ್ಲ. ಆದರೂ ಊರಿನವರ ಬಾಯಲ್ಲಿ ‘ನೆಮ್ಮದಿಯಾಗಿರೋರು’ ಅಂದರೆ ಮೇಷ್ಟ್ರೇ. ಅವರ ಮನೆಗೆ ದುಡ್ಡು ತಿಂಗಳಾ ತಿಂಗಳಾ ಬರುತ್ತಿತ್ತು. ನಮ್ಮ ಮನೆಗೆ ಕಬ್ಬಿನ ಬಿಲ್ಲಾದಾಗ ಬರುತ್ತಿತ್ತು.

ಬಿಲ್ಲಾಗುವುದು ಎಂದರೆ ದೊಡ್ಡ ಕಥೆ. ಬೆಳೆ ಕೈಗೆ ಬರಲು ಒಂದು ವರ್ಷ. ಆಮೇಲೆ ಕಾರ್ಖಾನೆಯಿಂದ ಕಟಾವಿಗೆ ಪರ್ಮಿಟ್ ಸಿಗಬೇಕು, ಕಡಿಯುವ ಆಳುಗಳು ಸಿಗಬೇಕು, ಲಾರಿ ಸಿಗಬೇಕು, ಗೇಟಿನ ಮುಂದಿನ ಸಾಲು ಕರಗಬೇಕು. ಕಬ್ಬು ತೂಕವಾದ ಮೇಲೆ ನಿಜವಾದ ಕಾಯುವಿಕೆ ಶುರು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಆ ಬಡ್ಡಿಯ ಮುಖವನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ಬದಲಿಗೆ ನಾವೇ ಬಡ್ಡಿ ಕಟ್ಟುತ್ತಿದ್ದೆವು. ಅಂಗಡಿಯಲ್ಲಿ ಉದ್ದರಿ, ಅವ್ವನ ಓಲೆ ಗಿರವಿ, ಸೊಸೈಟಿ ಸಾಲ. ತೀರಾ ಕಷ್ಟವಾದ ವರ್ಷ ಅಪ್ಪ ಕಡಿಮೆ ರೇಟಾದರೂ ಪರವಾಗಿಲ್ಲವೆಂದು ಕಬ್ಬನ್ನು ಆಲೆಮನೆಗೆ ಹಾಕುತ್ತಿದ್ದರು. ಅಲ್ಲಿ ದುಡ್ಡು ವಾರದಲ್ಲೇ ಕೈಗೆ ಬರುತ್ತಿತ್ತು. ಆಗ ಅದು ನನಗೆ ಪೆದ್ದುತನದಂತೆ ಕಂಡಿತ್ತು.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್ ಅದರ ಲೇಖಕರಲ್ಲಿ ಒಬ್ಬರು. 464 ರೈತರಿಗೆ ಬುದ್ಧಿ ಮತ್ತು ಏಕಾಗ್ರತೆಯ ಪರೀಕ್ಷೆಗಳನ್ನು ಕೈ ಬರಿದಾದ ಕಟಾವಿನ ಮುಂಚೆ ಒಮ್ಮೆ, ಕೈಯಲ್ಲಿ ಕಾಸಾಡುವ ಕಟಾವಿನ ನಂತರ ಇನ್ನೊಮ್ಮೆ ಕೊಟ್ಟರು. ಅದೇ ಮನುಷ್ಯ, ಅದೇ ತಲೆ. ದುಡ್ಡು ಬಂದ ಮೇಲೆ ಫಲಿತಾಂಶ ಉತ್ತಮವಾಗಿತ್ತು. ಬಿಲ್ಲಿಗೆ ಮುಂಚಿನ ತಿಂಗಳುಗಳಲ್ಲಿ ನಮ್ಮಪ್ಪ ನೀರಿನ ಮೋಟಾರು ಆಫ್ ಮಾಡಲು ಮರೆಯುತ್ತಿದ್ದುದು, ಸಣ್ಣದಕ್ಕೆಲ್ಲ ಸಿಡುಕುತ್ತಿದ್ದುದು ನೆನಪಾಯಿತು. ಅದನ್ನು ನಾವು ಅವರ ಸ್ವಭಾವ ಎಂದುಕೊಂಡಿದ್ದೆವು.

ದುಡ್ಡಿಗೂ ಸುಖಕ್ಕೂ ನಂಟೆಷ್ಟು ಎಂಬ ಚರ್ಚೆಯಲ್ಲಿ ಜನ ‘ಎಷ್ಟು’ ಎಂದಷ್ಟೇ ಕೇಳುತ್ತಾರೆ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ಅಂಕಿಅಂಶ ಹಿಡಿದು, ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ಖುಷಿ ಹೆಚ್ಚುವುದಿಲ್ಲ ಎಂದರು. ಅದನ್ನು ರೂಪಾಯಿಗೆ ಗುಣಿಸಿ ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರು ಈಗಲೂ ಇದ್ದಾರೆ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ 2021ರಲ್ಲಿ ಅದನ್ನು ಒಪ್ಪಲಿಲ್ಲ. ಕೊನೆಗೆ 2023ರಲ್ಲಿ ಕಾನೆಮನ್ ಆತನ ಜೊತೆಯೇ ಕೂತು ಮತ್ತೆ ಲೆಕ್ಕ ಹಾಕಿದರು. ಬಹುಪಾಲು ಜನರಿಗೆ ದುಡ್ಡಿನ ಜೊತೆ ಖುಷಿಯೂ ಏರುತ್ತಲೇ ಹೋಗುತ್ತದೆ, ಮೊದಲೇ ತೀರಾ ನೊಂದಿರುವವರಿಗೆ ಮಾತ್ರ ಒಂದು ಮಟ್ಟದ ಮೇಲೆ ದುಡ್ಡು ಔಷಧಿಯಾಗುವುದಿಲ್ಲ ಎಂದು ತಿಳಿಯಿತು. ಸರಿ. ಆದರೆ ಈ ಲೆಕ್ಕಗಳೆಲ್ಲ ವರ್ಷದ ಮೊತ್ತದ ಮೇಲೆ ನಿಂತಿವೆ. ನಮ್ಮ ಮನೆಯನ್ನೂ ಮೇಷ್ಟ್ರ ಮನೆಯನ್ನೂ ಈ ಅಳತೆಗೋಲಿನಲ್ಲಿ ಅಳೆದರೆ ಎರಡೂ ಒಂದೇ. ಊರಿನವರು ಕಂಡ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ.

ಈ ವ್ಯತ್ಯಾಸಕ್ಕೆ ಅವ್ವ ಬೆಲೆ ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದೆ. ಜಮೀನಿನ ಒಂದು ಭಾಗ ರಸ್ತೆಗೆ ಹೋಗಿ ಪರಿಹಾರ ಬಂದಿತ್ತು. ಅದರಲ್ಲಿ 12 ಲಕ್ಷ ಅಂಚೆ ಕಚೇರಿಯಲ್ಲಿಡುವುದೆಂದಾಯಿತು. ಇಬ್ಬರಿಗೂ ಅರವತ್ತು ದಾಟಿದೆ, ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕೋಣ ಎಂದೆ. ಶೇ 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ 24,600 ರೂಪಾಯಿ. ಅದೇ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಶೇ 7.4, ತಿಂಗಳಿಗೆ 7,400. ಅವ್ವ ಎರಡನೆಯದನ್ನೇ ಹಿಡಿದಳು. ತಿಂಗಳಿಗೆ 800 ರೂಪಾಯಿ ನಷ್ಟ, ವರ್ಷಕ್ಕೆ 9,600 ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಮೂರು ತಿಂಗಳದ್ದನ್ನು ನಾವೇ ಮೂರು ಪಾಲು ಮಾಡಿಕೊಂಡರಾಯಿತು ಎಂದೂ ಹೇಳಿದೆ.

‘ಒಟ್ಟಿಗೆ ಬಂದ್ರೆ ನಿಮ್ಮಪ್ಪನ ಕೈಲಿ ಉಳಿತದಾ ಮಗ?’ ಎಂದಳು.

ಹಣಕಾಸಿನ ಬಗ್ಗೆ ಬರೆಯುವವನಾಗಿ ನಾನು ಆ ಆಯ್ಕೆಯನ್ನು ತಪ್ಪೆನ್ನಬೇಕು. ಬೆಲೆ ಏರುತ್ತದೆ, 7,400 ಐದು ವರ್ಷವೂ 7,400ರಲ್ಲೇ ಇರುತ್ತದೆ. ಆದರೆ ಜೀವನವಿಡೀ ಬಿಲ್ಲಿಗೆ ಕಾದವಳು ಆ 9,600 ಕೊಟ್ಟು ಕಾಯದಿರುವುದನ್ನು ಕೊಂಡುಕೊಂಡಿದ್ದಾಳೆ. ನನಗೆ ಗೊತ್ತಿರುವ ಖರ್ಚುಗಳಲ್ಲಿ ಇಷ್ಟು ಅಗ್ಗದ್ದು ಬೇರೆ ಇಲ್ಲ. ಈಗ ಅಂಗಡಿಯಲ್ಲಿ ಉದ್ದರಿ ಇಲ್ಲ, ಹಲ್ಲುನೋವು ಬಂದರೆ ಅದೇ ವಾರ ಡಾಕ್ಟರ ಹತ್ತಿರ ಹೋಗುತ್ತಾಳೆ.

ಅವಳನ್ನು ನೋಡಿ ನಾನೂ ಒಂದು ಪದ್ಧತಿ ಮಾಡಿಕೊಂಡೆ. ಬರವಣಿಗೆಯ ದುಡ್ಡೂ ಕಬ್ಬಿನ ಬಿಲ್ಲಿನ ಥರವೇ, ಬಂದಾಗ ಬಂತು. ಅದೆಲ್ಲ ಒಂದು ಬೇರೆ ಖಾತೆಗೆ ಬೀಳುತ್ತದೆ. ಅಲ್ಲಿಂದ ಮನೆ ಖರ್ಚಿನ ಖಾತೆಗೆ ಪ್ರತಿ ಒಂದನೇ ತಾರೀಖು ಇಷ್ಟೆಂದು ತಾನೇ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿದ್ದೇನೆ. ಹೀಗೆ ಮಾಡಲು ಮೊದಲು ಮೂರ್ನಾಲ್ಕು ತಿಂಗಳ ಖರ್ಚಿನಷ್ಟು ಅಲ್ಲಿ ಕೂಡಿರಬೇಕು. ಆಟೊ ಓಡಿಸುವವರು, ಅಡಿಗೆ ಕಂಟ್ರಾಕ್ಟಿನವರು, ಹೊಲದವರು, ಯಾರ ಆದಾಯ ಏರಿಳಿಯುತ್ತದೋ ಅವರು ಹೂಡಿಕೆಯ ಮಾತಿಗೆ ಮುಂಚೆ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಅಪ್ಪ ಮಾತ್ರ ಒಪ್ಪಿಲ್ಲ. ಬಿಲ್ಲಾದ ದಿನ ಅವರು ಮದ್ದೂರಿನಿಂದ ವಡೆ ಕಟ್ಟಿಸಿಕೊಂಡು ಬರುತ್ತಿದ್ದರು, ನಮಗೆಲ್ಲ ಬಟ್ಟೆ, ಸಾಲಗಾರನ ಮುಂದೆ ಎಣಿಸಿ ಇಡುವ ಗತ್ತು. ತಿಂಗಳ ದುಡ್ಡಿನಲ್ಲಿ ಅಂಥ ದಿನ ಇಲ್ಲವಂತೆ. ಅದೂ ನಿಜವೇ. ಹಾಗಾಗಿ ಇಪ್ಪತ್ತು ಗುಂಟೆಯಲ್ಲಿ ಇನ್ನೂ ಕಬ್ಬು ಹಾಕುತ್ತಾರೆ. ಗೊಬ್ಬರ, ಕೂಲಿ, ಸಾಗಾಣಿಕೆ ಕಳೆದರೆ ಅದರಲ್ಲಿ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.