ತಲೆಗೂದಲಿನಿಂದ ಬಿದ್ದ ಹನಿ

ಕ್ಯಾಮೆರಾಕ್ಕೆ ನೀರು ತಾಗಿದ್ದು ನೀರಿನೊಳಗಲ್ಲ, ದೋಣಿಯ ಹಲಗೆಯ ಮೇಲೆ. ಅಘನಾಶಿನಿಯ ಅಳಿವೆಯಲ್ಲಿ ಮುಕ್ಕಾಲು ಗಂಟೆ ಸೊಂಟದುದ್ದ ನೀರಲ್ಲಿ ನಿಂತು, ಮುಳುಗಿ, ಎದ್ದು, 36 ಚಿತ್ರಗಳ ರೋಲು ಮುಗಿಸಿದ್ದೆ. ಅಷ್ಟು ಹೊತ್ತೂ ಕ್ಯಾಮೆರಾ ಇಟ್ಟಿದ್ದ, ನೀರು ಇಳಿಯದ ಪ್ಲಾಸ್ಟಿಕ್ ಚೀಲದೊಳಗೆ ಒಂದು ಹನಿ ಇಳಿದಿರಲಿಲ್ಲ. ದೋಣಿ ಹತ್ತಿ ರೋಲು ಸುತ್ತಿ ತೆಗೆದೆ. ಹೊಸದನ್ನು ಹಾಕಲು ಬಗ್ಗಿದಾಗ ನನ್ನ ತಲೆಗೂದಲಿನಿಂದ ಉಪ್ಪುನೀರು ತೊಟತೊಟನೆ ಇಳಿದು, ತೆರೆದಿದ್ದ ಹಿಂಬಾಗಿಲೊಳಗೆ ಬಿತ್ತು. ಗಾಬರಿಯಲ್ಲಿ ಕೈ ಎತ್ತಿದೆ. ತೊಡೆಯ ಮೇಲಿದ್ದ ಮುಗಿದ ರೋಲು ಉರುಳಿ ದೋಣಿಯ ತಳದಲ್ಲಿ ನಿಂತಿದ್ದ ನೀರಿಗೆ ಬಿತ್ತು.

ಕ್ಯಾಮೆರಾ ಒಲಿಂಪಸ್ ಟ್ರಿಪ್ 35. ಕುವೈತ್‌ನಲ್ಲಿದ್ದ ಮಾವ ರಜೆಗೆ ಬಂದಾಗ ತಂದು ಮನೆಯಲ್ಲಿ ಬಿಟ್ಟು ಹೋದದ್ದು. 1967ರಿಂದ 1984ರವರೆಗೆ ತಯಾರಾದ ಈ ಪುಟ್ಟ ಯಂತ್ರಕ್ಕೆ ಬ್ಯಾಟರಿಯೇ ಇಲ್ಲ. ಲೆನ್ಸಿನ ಸುತ್ತ ಜೇನುಗೂಡಿನಂತೆ ಕಾಣುವ ಬಳೆಯ ಹಿಂದೆ ಸೆಲೆನಿಯಂ ಕೋಶವಿದೆ. ಬೆಳಕು ಬಿದ್ದರೆ ಅದೇ ವಿದ್ಯುತ್ ಹುಟ್ಟಿಸಿ ಅಳತೆ ಮಾಡುತ್ತದೆ. ಬೆಳಕು ಸಾಲದಿದ್ದರೆ ಕಿಂಡಿಯಲ್ಲಿ ಕೆಂಪು ಬಾವುಟ ಏಳುತ್ತದೆ, ಶಟರ್ ಒತ್ತುವುದೇ ಇಲ್ಲ. ಹಲ್ಲಿನ ಚಕ್ರವನ್ನು ಹೆಬ್ಬೆರಳಿನಿಂದ ತಳ್ಳಿದರೆ ಫಿಲ್ಮ್ ಮುಂದೆ ಸರಿಯುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿನ ಹೊರಗಿಂದಲೂ ಅದು ಕೈಗೆ ಸಿಗುತ್ತದೆ. ನೀರಿಗಿಳಿಸಲು ಇದಕ್ಕಿಂತ ಸರಳ ಕ್ಯಾಮೆರಾ ನನಗೆ ಸಿಕ್ಕಿಲ್ಲ.

ನೀರಿಗಿಳಿಸಲೇಬೇಕು ಅನ್ನಿಸಿದ್ದು ಬಳಚು ಚಿಪ್ಪು ಹೆಕ್ಕುವ ಹೆಂಗಸರನ್ನು ನೋಡಿ. ಇಳಿತದ ಹೊತ್ತಿಗೆ ಅವರು ಅಳಿವೆಗಿಳಿಯುತ್ತಾರೆ. ಕಾಲ್ಬೆರಳಿನಿಂದ ಮರಳು ಕೆದಕಿ ಚಿಪ್ಪು ಎಲ್ಲಿದೆಯೆಂದು ತಿಳಿದುಕೊಂಡು, ಬಗ್ಗಿ, ಕೈಯಿಂದ ಬಾಚಿ ತೇಲುವ ಬೋಗುಣಿಗೆ ಹಾಕುತ್ತಾರೆ. ದಡದಲ್ಲಿ ನಿಂತು ತೆಗೆದ ಚಿತ್ರದಲ್ಲಿ ಬಗ್ಗಿದ ಬೆನ್ನುಗಳಷ್ಟೇ ಸಿಗುತ್ತವೆ. ಕೆಲಸ ನಡೆಯುವುದು ನೀರಿನ ಕೆಳಗೆ. ಆ ಕೈಗಳು ನನಗೆ ಬೇಕಿದ್ದವು.

ಮೊದಲು ಮೊಬೈಲಿಗೆ ಬಳಸುವ ಪೌಚು ಹಾಕಿ ನೋಡಿದೆ. ನೀರೇನೋ ಒಳಗೆ ಬರಲಿಲ್ಲ, ಆದರೆ ಲೆನ್ಸಿನ ಮುಂದೆ ಸುಕ್ಕಾದ ಪ್ಲಾಸ್ಟಿಕ್ ಬಂದು ಚಿತ್ರಗಳೆಲ್ಲ ಮಸುಕು. ಆಮೇಲೆ ಮುಂಭಾಗದಲ್ಲಿ ಚಪ್ಪಟೆ ಗಾಜಿರುವ, ಬಾಯಿಗೆ ತಿರುಪಿನ ಪಟ್ಟಿ ಇರುವ ಚೀಲ ತರಿಸಿದೆ. ಅದರ ಗಾಜಿನ ಅಂಚು ಅಗಲವಾಗಿತ್ತು. ಲೆನ್ಸಿಗೆ ಅಡ್ಡ ಬರುತ್ತಿರಲಿಲ್ಲ, ಸುತ್ತಲಿನ ಸೆಲೆನಿಯಂ ಬಳೆಗೆ ಮಾತ್ರ ನೆರಳು ಬೀಳುತ್ತಿತ್ತು. ಕ್ಯಾಮೆರಾ ಹೊರಗೆ ಕತ್ತಲಿದೆಯೆಂದು ತಿಳಿದು, ನಡುಮಧ್ಯಾಹ್ನದ ಬಿಸಿಲಲ್ಲೂ ಕೆಂಪು ಬಾವುಟ ಎತ್ತಿತು. ಕ್ಯಾಮೆರಾದ ಬೆನ್ನಿಗೆ ಸ್ಪಂಜಿನ ತುಂಡು ಕೊಟ್ಟು ಲೆನ್ಸನ್ನು ಗಾಜಿಗೆ ಒತ್ತಿ ಕೂರಿಸಿದ ಮೇಲೆ ಸರಿಹೋಯಿತು.

ಹೆಚ್ಚು ಸತಾಯಿಸಿದ್ದು ಫೋಕಸ್. ಟ್ರಿಪ್‌ನಲ್ಲಿ ದೂರವನ್ನು ಚಿಕ್ಕ ಚಿತ್ರಗಳಲ್ಲಿ ಗುರುತಿಸಿದ್ದಾರೆ. ಒಂದು ತಲೆಯೆಂದರೆ ಸುಮಾರು 1 ಮೀಟರ್, ಅದಕ್ಕಿಂತ ಹತ್ತಿರ ಅದಕ್ಕೆ ಆಗದು. ಚೀಲದೊಳಗಿನ ಕಿಂಡಿಯಲ್ಲಿ ಈಜುಗನ್ನಡಕ ಹಾಕಿಕೊಂಡು ನೋಡಲಾಗದು ಎಂದು, 1 ಮೀಟರ್ ಹಗ್ಗ ಕಟ್ಟಿ ಅಳೆದು ತೆಗೆದೆ. ಇಡೀ ರೋಲಿನ ಕೈಗಳು ಮಸುಕು, ಅವುಗಳ ಹಿಂದಿನ ಮರಳು ಮಾತ್ರ ಸ್ಪಷ್ಟ. ನೀರಿನಿಂದ ಚಪ್ಪಟೆ ಗಾಜು ದಾಟಿ ಗಾಳಿಗೆ ಬರುವ ಬೆಳಕು ಬಾಗುವುದರಿಂದ ವಸ್ತು ಮುಕ್ಕಾಲು ದೂರದಲ್ಲಿರುವಂತೆ ತೋರುತ್ತದೆ. ನಮ್ಮ ಕಣ್ಣಿಗೆ ಹೇಗೋ ಲೆನ್ಸಿಗೂ ಹಾಗೆಯೇ. 1 ಮೀಟರಿನ ಕೈ ಅದಕ್ಕೆ ಮುಕ್ಕಾಲು ಮೀಟರಿನಲ್ಲಿ ಕಂಡಿತ್ತು. ಈಗ ಹಗ್ಗ 4 ಅಡಿ 4 ಇಂಚು ಇದೆ. ತುದಿಗೆ ಗಂಟು ಹಾಕಿದ್ದೇನೆ, ಕತ್ತಲಲ್ಲಿ ಮುಟ್ಟಿದರೂ ತಿಳಿಯಲೆಂದು. ಅಷ್ಟು ದೂರ ಕಾಣುವಷ್ಟು ತಿಳಿನೀರು ಬೇಕಲ್ಲ, ಅದಕ್ಕೆ ಮಳೆಗಾಲ ಕಳೆದು, ಇಳಿತ ಮುಗಿದು ಭರತ ಏರತೊಡಗುವ ಹೊತ್ತಿಗೆ ಕಾಯಬೇಕು. ಸಮುದ್ರದ ತಿಳಿನೀರು ಒಳಬರುವ ಆ ಅರ್ಧ ಗಂಟೆಗಾಗಿ ನಾನು ವಾರಗಟ್ಟಲೆ ಕಾದದ್ದಿದೆ.

ಚೀಲದಲ್ಲಿ ಎಷ್ಟು ಗಾಳಿ ಬಿಡಬೇಕೆಂಬುದೂ ಕೈಗೆ ಹತ್ತಬೇಕಾದ ಕೆಲಸ. ಎಲ್ಲವನ್ನೂ ಹಿಂಡಿ ತೆಗೆದರೆ ಪ್ಲಾಸ್ಟಿಕ್ ಚಕ್ರಕ್ಕೆ ಅಂಟಿ ಬೆರಳು ಆಡುವುದಿಲ್ಲ. ಹೆಚ್ಚಾದರೆ ಚೀಲ ಮುಳುಗಲು ಒಪ್ಪುವುದಿಲ್ಲ. 1893ರಲ್ಲಿ ಫ್ರಾನ್ಸಿನ ಬನ್ಯೂಲ್ಸ್ ಕಡಲಲ್ಲಿ ಚಿತ್ರ ತೆಗೆದ ಲೂಯಿ ಬುತಾನ್ ತನ್ನ ಕ್ಯಾಮೆರಾದ ತಾಮ್ರದ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಬಲೂನು ಜೋಡಿಸಿದ್ದ. ಆಳಕ್ಕೆ ಹೋದಂತೆ ನೀರು ಬಲೂನನ್ನು ಹಿಂಡಿ ಪೆಟ್ಟಿಗೆಯೊಳಗಿನ ಒತ್ತಡ ಸರಿದೂಗಿಸುತ್ತಿತ್ತು. ಆ ಉಪಾಯದ ಬಗ್ಗೆ ಓದಿದಾಗ ನನಗೆ ತುಂಬ ಗೌರವ ಮೂಡಿತು. ನಾನು ಇಳಿಯುವುದು ಒಂದಾಳು ಆಳಕ್ಕಷ್ಟೇ, ಹಾಗಾಗಿ ಕೈಬಿಟ್ಟರೆ ತೇಲುವಷ್ಟು ಗಾಳಿ ಉಳಿಸಿಕೊಳ್ಳುತ್ತೇನೆ. ಅಳಿವೆಯ ಸೆಳೆತದಲ್ಲಿ ಮುಳುಗಿದ ಕ್ಯಾಮೆರಾ ಮತ್ತೆ ಸಿಗುವುದಿಲ್ಲ.

ಆ ದಿನದ ರೋಲಿನ ವಿಷಯಕ್ಕೆ ಬರುತ್ತೇನೆ. ಮನೆಗೆ ಬಂದು ಅದನ್ನು ಕಿಟಕಿಯ ಬಳಿ ನಾಲ್ಕು ದಿನ ಒಣಗಿಸಿದೆ. ಒಣಗಿದರೆ ಸಾಕು, ಬದುಕಿತು ಎಂದುಕೊಂಡಿದ್ದೆ. ತೊಳೆಯಲು ಕೊಟ್ಟಾಗ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿದಲ್ಲೆಲ್ಲ ಚಿತ್ರದ ಪದರವೇ ಕಿತ್ತು ಬಂತು. ಕುಮಟಾದ ಹಿರಿಯ ಸ್ಟುಡಿಯೊದವರೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಒದ್ದೆಯಾದ ಫಿಲ್ಮ್ ಒಣಗಿಸಬಾರದು ಮಾರಾಯ್ರೆ. ಒದ್ದೆಯಾಗೇ ತರಬೇಕು” ಅಂದರು. ಬೆಳಕು ತೂರದ ಡಬ್ಬಿಯಲ್ಲಿ ಸಿಹಿನೀರು ತುಂಬಿ, ರೋಲನ್ನು ಅದರಲ್ಲೇ ಮುಳುಗಿಸಿಟ್ಟು, ತಡಮಾಡದೆ ತೊಳೆಯಲು ಕೊಡಬೇಕಂತೆ. ಆ ಡಬ್ಬಿ ಈಗ ನನ್ನ ಹೆಗಲ ಚೀಲದಲ್ಲಿ ಯಾವಾಗಲೂ ಇರುತ್ತದೆ. ಆ ಮೂವತ್ತಾರು ಚಿತ್ರಗಳ ನೋವು ಇನ್ನೂ ಹೋಗಿಲ್ಲ.

ಕ್ಯಾಮೆರಾದೊಳಗೆ ಬಿದ್ದದ್ದು ನಾಲ್ಕೈದು ಹನಿಯಷ್ಟೇ. ಒರೆಸಿ ಸುಮ್ಮನಾದೆ. ತಿಂಗಳು ಕಳೆಯುವಷ್ಟರಲ್ಲಿ ಫೋಕಸ್ ಬಳೆ ಬಿಗಿಯಾಯಿತು, ಹಿಂಬಾಗಿಲಿನ ಕೀಲಿನಲ್ಲಿ ಹಸಿರು ಕಿಲುಬು. ಉಪ್ಪು ಒಣಗಿದರೂ ಹೋಗುವುದಿಲ್ಲ; ಕರಾವಳಿಯ ಗಾಳಿಯಿಂದ ತೇವ ಎಳೆದುಕೊಂಡು ಲೋಹ ತಿನ್ನುತ್ತಲೇ ಇರುತ್ತದೆ. ಆ ಹೊತ್ತಿಗೇ ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣಗಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ರಿಪೇರಿ ಮಾಡಿಸಿದೆ, ಬಳೆ ಮೊದಲಿನಷ್ಟು ಸಲೀಸಾಗಿಲ್ಲ.

ಅಂದಿನಿಂದ ನೀರಿನಲ್ಲಾಗಲಿ ದೋಣಿಯಲ್ಲಾಗಲಿ ಚೀಲ ಬಿಚ್ಚುವುದಿಲ್ಲ. ಒಂದು ಇಳಿತಕ್ಕೆ ಒಂದೇ ರೋಲು. ಹೊರಡುವ ಹಿಂದಿನ ರಾತ್ರಿ ಚೀಲದೊಳಗೆ ಟಿಶ್ಯೂ ಕಾಗದ ಮಡಿಸಿಟ್ಟು, ಮೇಲೆ ಕಲ್ಲು ಹೇರಿ ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸುತ್ತೇನೆ. ಕಾಗದ ಗರಿಗರಿಯಾಗಿ ಹೊರಬಂದರೆ ಮಾತ್ರ ಕ್ಯಾಮೆರಾ ಒಳಗೆ. ಬಾಯಿಯ ಅಂಚಿನ ಮೇಲೆ ಬೆರಳು ಎಳೆದು ನೋಡುತ್ತೇನೆ. ಒಂದು ಕೂದಲು, ಒಂದು ಮರಳಿನ ಕಣ ಸಾಕು ನೀರಿಗೆ ದಾರಿಯಾಗಲು. ಮುಚ್ಚುವಾಗ ಕೈ ಒಣಗಿರಬೇಕು, ಸಿಲಿಕಾ ಜೆಲ್ ಪೊಟ್ಟಣ ಒಳಗಿರಬೇಕು. ಒದ್ದೆ ಕೈಯ ತೇವ ಒಳಗೆ ಸಿಕ್ಕಿಕೊಂಡು, ಚೀಲ ಬಿಸಿಲಲ್ಲಿ ಕಾದರೆ, ನೀರಿಗಿಟ್ಟ ಕೂಡಲೇ ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ. ಅದನ್ನು ಒರೆಸಲು ದಾರಿಯಿಲ್ಲ. ಅದಕ್ಕೇ ದೋಣಿಯಲ್ಲಿ ಅದರ ಮೇಲೆ ಒದ್ದೆ ಗೋಣಿ ಹೊದಿಸುತ್ತೇನೆ. ಮನೆಗೆ ಬಂದು ಮುಚ್ಚಿದ ಚೀಲವನ್ನೇ ಸಿಹಿನೀರಲ್ಲಿ ನೆನೆಸಿ, ಒರೆಸಿ, ನಾನು ಸ್ನಾನ ಮಾಡಿ ತಲೆ ಒಣಗಿಸಿಕೊಂಡು, ಆಮೇಲೆ ಪಟ್ಟಿ ಸಡಿಲಿಸುತ್ತೇನೆ.

ಹಾಗೆ ತೆಗೆದ ರೋಲೊಂದರಲ್ಲಿ ಒಂದು ಕೈ ಬಂದಿದೆ. ಬೆರಳ ಸಂದಿಯಲ್ಲಿ ಮೂರು ಬಳಚು, ಮಣಿಕಟ್ಟಿನ ಸುತ್ತ ಎದ್ದ ಮರಳು, ಮೇಲೆ ತೇಲುತ್ತಿರುವ ಬೋಗುಣಿಯ ತಳ. ಅದರ ಪ್ರಿಂಟು ಹಿಡಿದು ಆ ಕೈಯ ಒಡತಿಯ ಮನೆಗೆ ಹೋದೆ. ಅವರು ಮೀನು ಹೆಚ್ಚುತ್ತಿದ್ದರು. ಕೈ ತೊಳೆದು, ಸೆರಗಿಗೆ ಎರಡು ಸಲ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು ನೋಡಿದರು.

“ಈ ಬಳೆ ಹೋದ ತಿಂಗಳೇ ಒಡೀತು” ಅಂದರು.