ದೂರ ಸೈಕಲ್ ಪ್ರವಾಸ: ಕೆದಂಬಾಡಿಯ ಹಾದಿಯಲ್ಲೊಂದು ಅಧ್ಯಯನ

ಪೀಠಿಕೆ

ಸೈಕಲ್ಲು ಬಡವರ ವಾಹನವೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಅಂಚೆಯವನು, ಹಾಲು ಮಾರುವವನು, ಹಳ್ಳಿಯ ಶಾಲೆಯ ಮಾಸ್ತರರು, ಪ್ರೌಢಶಾಲೆಗೆ ನಾಲ್ಕಾರು ಮೈಲಿ ಹೋಗಿಬರುತ್ತಿದ್ದ ವಿದ್ಯಾರ್ಥಿ, ಇವರೆಲ್ಲರ ಬಾಳಿಗೆ ಅದು ಊರುಗೋಲಾಗಿತ್ತು. ಆದರೆ ಇದೇ ವಾಹನವನ್ನೇರಿ, ಯಾವ ಕಾರ್ಯನಿಮಿತ್ತವೂ ಇಲ್ಲದೆ, ನಾಡನ್ನು ಕಣ್ಣಾರೆ ಕಾಣಬೇಕೆಂಬ ಒಂದೇ ಹಂಬಲದಿಂದ ನೂರಾರು ಕಿಲೋಮೀಟರು ಸಾಗುವ ಇನ್ನೊಂದು ಪರಂಪರೆಯೂ ಉಂಟು. ಶಾಲೆಯೊಂದು ತನ್ನ ಮಕ್ಕಳನ್ನು ಇಂತಹ ಪ್ರವಾಸಕ್ಕೆ ಕರೆದೊಯ್ಯಬಹುದೇ, ಕರೆದೊಯ್ಯುವುದಾದರೆ ಅಧ್ಯಾಪಕರು ಏನೇನನ್ನು ಅರಿತಿರಬೇಕು ಎಂಬ ಪ್ರಶ್ನೆಯನ್ನು, ಪುತ್ತೂರು ತಾಲೂಕಿನ ಕೆದಂಬಾಡಿಯ ಹಾದಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿಚಾರಿಸಲಾಗಿದೆ.

ಪರಂಪರೆಯ ಹಿನ್ನೆಲೆ

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಚಕ್ರಗಳ ಮರದ ಗಾಡಿಯೊಂದನ್ನು ರಚಿಸಿ, ನೆಲವನ್ನು ಕಾಲಿನಿಂದ ಒದೆಯುತ್ತ ಓಡಿಸಿ ತೋರಿಸಿದನು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹಿಂದಿನ ಚಕ್ರಕ್ಕೆ ಚೈನು ಜೋಡಿಸಿದ ‘ರೋವರ್’ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರನ್ನು ಬಳಕೆಗೆ ತಂದ ಮೇಲೆ ದೂರದ ಸವಾರಿ ಸಾಮಾನ್ಯರಿಗೂ ಸಾಧ್ಯವಾಯಿತು. ಅದಕ್ಕೂ ಮುಂಚೆ, 1878ರಲ್ಲಿಯೇ, ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿತ್ತು ಎಂಬುದು ಗಮನಾರ್ಹ.

ಭಾರತೀಯರು ಈ ಸಾಹಸದಲ್ಲಿ ಹಿಂದೆ ಬಿದ್ದವರಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ಲುಗಳ ಮೇಲೆ ವಿಶ್ವಪರ್ಯಟನೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗರಾ ಎಂಬ ಮೂವರು 1928ರಲ್ಲಿ ಸುಮಾರು 71,000 ಕಿಲೋಮೀಟರು ಕ್ರಮಿಸಿ ಮರಳಿದರು. ಕರ್ನಾಟಕದಲ್ಲಿ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ದೇಶಕ್ಕೆ ಅನೇಕ ಸೈಕಲ್ ಪಟುಗಳನ್ನು ನೀಡಿವೆ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಪ್ರವಾಸವು ಕನ್ನಡನಾಡಿನ ಸವಾರರನ್ನು ನೀಲಗಿರಿಯ ಘಟ್ಟಗಳಿಗೆ ಏರಿಸಿತು.

ಸ್ಪರ್ಧೆಯಿಲ್ಲದ ಶಿಸ್ತು

ದೂರ ಸವಾರಿಯ ಶಿಸ್ತನ್ನು ಅರಿಯಲು ಫ್ರಾನ್ಸಿನಲ್ಲಿ ಬೆಳೆದುಬಂದ ‘ಬ್ರೆವೆ’ ಪದ್ಧತಿಯನ್ನು ನೋಡಬೇಕು. ಈ ಪದ್ಧತಿಯ ಸವಾರಿಗಳು ಈಗ ಬೆಂಗಳೂರು ಮೊದಲ್ಗೊಂಡು ಭಾರತದ ಅನೇಕ ನಗರಗಳಲ್ಲಿಯೂ ನಡೆಯುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಎಂದು ಕಾಲಮಿತಿ. ಪ್ಯಾರಿಸ್ಸಿನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಮರಳುವ 1200 ಕಿಲೋಮೀಟರಿನ ಸವಾರಿಗೆ 90 ಗಂಟೆ. 1891ರಲ್ಲಿ ಪಂದ್ಯವಾಗಿ ಹುಟ್ಟಿದ ಅದು ಇಂದು ನಾಲ್ಕು ವರ್ಷಗಳಿಗೊಮ್ಮೆ ಪಂದ್ಯವಲ್ಲದ ಸವಾರಿಯಾಗಿ ನಡೆಯುತ್ತದೆ.

ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 15 ಕಿಲೋಮೀಟರಿನ ವೇಗವಷ್ಟೇ ಅಗತ್ಯವೆಂದು ತಿಳಿಯುತ್ತದೆ. ಊಟ, ವಿಶ್ರಾಂತಿ, ಪಂಕ್ಚರು ಎಲ್ಲವೂ ಇದರೊಳಗೇ ಬರಬೇಕು. ಬೇಗ ಬಂದವರಿಗೆ ಪ್ರಥಮ ಸ್ಥಾನವಿಲ್ಲ, ತಡವಾಗಿ ಬಂದವರಿಗೆ ಅವಮಾನವಿಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ಅಂಕ ಮತ್ತು ಕ್ರಮಾಂಕಗಳಲ್ಲೇ ಮುಳುಗಿರುವ ಶಾಲಾಜೀವನಕ್ಕೆ ಈ ತತ್ತ್ವ ಹೊಸದೆನಿಸೀತು. ಆದರೆ ಶಿಕ್ಷಣದ ದೃಷ್ಟಿಯಿಂದ ಇದರ ಬೆಲೆ ದೊಡ್ಡದು.

ಕೆದಂಬಾಡಿಯ ಹಾದಿ

ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕುಂಬ್ರ ಎಂಬ ಪೇಟೆ ಸಿಗುತ್ತದೆ. ಅಲ್ಲಿಂದ ಕವಲೊಡೆದು ಬೆಳ್ಳಾರೆಗೆ ಹೋಗುವ ರಸ್ತೆಯಲ್ಲಿ ಕೆದಂಬಾಡಿ ಗ್ರಾಮಕ್ಕೆ ಸೇರಿದ ತಿಂಗಳಾಡಿ ಇದೆ. ಮುಂದೆ ಕೆಯ್ಯೂರು, ಮಾಡಾವು, ಬೆಳ್ಳಾರೆ, ಬೆಳ್ಳಾರೆಯಿಂದ ಸುಳ್ಯ, ಸುಳ್ಯದಿಂದ ಜಾಲ್ಸೂರು, ಕಾವು ಮಾರ್ಗವಾಗಿ ಮತ್ತೆ ಕುಂಬ್ರ, ಪುತ್ತೂರು. ಹೀಗೆ ಸುತ್ತಿ ಬಂದರೆ 80 ಕಿಲೋಮೀಟರಿನ ಆಸುಪಾಸಿನ ಒಂದು ದಿನದ ಪ್ರವಾಸವಾಗುತ್ತದೆ.

ಈ ಹಾದಿಯೇ ಒಂದು ಪಾಠಪುಸ್ತಕ. ತಗ್ಗಿನಲ್ಲಿ ಅಡಿಕೆ ತೋಟ, ಗುಡ್ಡದಲ್ಲಿ ಗೇರು ಮತ್ತು ರಬ್ಬರು, ಚಳಿಗಾಲದಲ್ಲಿ ಮನೆಯಂಗಳಗಳಲ್ಲಿ ಒಣಗುವ ಅಡಿಕೆ, ಇವು ನೆಲ, ನೀರು, ಬೆಳೆಗಳ ಸಂಬಂಧವನ್ನು ಹೇಳುತ್ತವೆ. ಸುಳ್ಯ ಮತ್ತು ಪುತ್ತೂರು ಸೀಮೆಯ ಸರ್ಕಾರಿ ರಬ್ಬರು ತೋಟಗಳು, 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಆಶ್ರಯವಾದವು.

ಇತಿಹಾಸವೂ ಈ ಹಾದಿಯಲ್ಲಿಯೇ ನಡೆದುಹೋಗಿದೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿಯು ಅಮರ ಮತ್ತು ಸುಳ್ಯ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದು ಕೊಡಬೇಕಾಗಿ ಬಂತು. 1837ರಲ್ಲಿ ಅಸಮಾಧಾನ ದಂಗೆಯಾಗಿ ಸಿಡಿಯಿತು. ಅದರ ಮುಂದಾಳುಗಳಲ್ಲಿ ಪ್ರಮುಖನು ಕೆದಂಬಾಡಿ ಮನೆತನದ ರಾಮಯ್ಯಗೌಡ. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ಜನರು ಪುತ್ತೂರನ್ನು ದಾಟಿ ಮಂಗಳೂರನ್ನು ತಲುಪಿ ಕೆಲವು ದಿನ ಆ ಪಟ್ಟಣವನ್ನು ಹಿಡಿದಿದ್ದರು. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ರಾಮಯ್ಯಗೌಡನ ಪ್ರತಿಮೆ ಸ್ಥಾಪಿತವಾಯಿತು. ಸುಳ್ಯದಿಂದ ಮಂಗಳೂರು ಎಷ್ಟು ದೂರವೆಂಬುದನ್ನು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗೂ, ಅದರ ಒಂದು ಭಾಗವನ್ನು ತನ್ನ ಕಾಲಿನಿಂದಲೇ ತುಳಿದು ಅಳೆದ ವಿದ್ಯಾರ್ಥಿಗೂ ಆ ದಂಗೆ ಒಂದೇ ಬಗೆಯಾಗಿ ಅರ್ಥವಾಗುವುದಿಲ್ಲ.

ಏರು ಮತ್ತು ಇಳಿಜಾರಿನ ಲೆಕ್ಕ

ಬಯಲುಸೀಮೆಯ ಸವಾರನಿಗೆ ಎದುರುಗಾಳಿ ಶತ್ರುವಾದರೆ, ಈ ಸೀಮೆಯ ಸವಾರನಿಗೆ ಏರು ಶತ್ರು. ಸಾಮಾನ್ಯ ಸೈಕಲ್ಲಿನ ಪೆಡಲಿನ ಬಳಿ 44 ಹಲ್ಲು, ಹಿಂದಿನ ಚಕ್ರದಲ್ಲಿ 18 ಹಲ್ಲು ಇವೆಯೆಂದಿಟ್ಟುಕೊಂಡರೆ, ಪೆಡಲು ಒಂದು ಸುತ್ತು ತಿರುಗಿದಾಗ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ಆದುದರಿಂದ ಒಂದು ತುಳಿತಕ್ಕೆ 5.4 ಮೀಟರು ಮುನ್ನಡೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿಲೋಮೀಟರಿನ ವೇಗ. ನೂರಕ್ಕೆ ಐದರ ಏರಿನಲ್ಲಿ, ಸವಾರ ಮತ್ತು ಸೈಕಲ್ಲಿನ 80 ಕಿಲೋ ತೂಕವನ್ನು ಆ ವೇಗದಲ್ಲಿ ಎತ್ತಲು 200 ವ್ಯಾಟಿಗೂ ಮಿಗಿಲಾದ ಶಕ್ತಿ ಬೇಕು. ಅಭ್ಯಾಸವಿಲ್ಲದವರು ಇದನ್ನು ಬಹಳ ಹೊತ್ತು ತಾಳಲಾರರು. ಮುಂದೆ 28, ಹಿಂದೆ 28 ಹಲ್ಲುಗಳ ಗೇರಿದ್ದರೆ ಅದೇ ತುಳಿತದಲ್ಲಿ ವೇಗ ಗಂಟೆಗೆ 8 ಕಿಲೋಮೀಟರಿಗೆ ಇಳಿದು, ಶಕ್ತಿ 90 ವ್ಯಾಟಿನ ಸಮೀಪ ಸಾಕಾಗುತ್ತದೆ. ಗೇರಿಲ್ಲದ ಸೈಕಲ್ಲಿನ ಹುಡುಗನು ಏರಿನಲ್ಲಿ ಇಳಿದು ತಳ್ಳುವುದು ಸೋಲಲ್ಲ, ಲೆಕ್ಕದ ಫಲ.

ನಿಜವಾದ ಅಪಾಯವಿರುವುದು ಇಳಿಜಾರಿನಲ್ಲಿ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದು ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕಿನ ರಬ್ಬರಿನ ಹಿಡಿತ ಬಹಳವಾಗಿ ಕುಗ್ಗುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಕ್ಕಳ ಪ್ರವಾಸವನ್ನು ಇಟ್ಟುಕೊಳ್ಳದಿರುವುದೇ ಲೇಸು. ನವೆಂಬರಿನಿಂದ ಫೆಬ್ರವರಿಯವರೆಗಿನ ಮುಂಜಾವುಗಳು ಪ್ರಶಸ್ತವಾದ ಕಾಲ. ಆಗಲೂ ಗಾಳಿಯಲ್ಲಿ ತೇವ ಹೆಚ್ಚಾಗಿರುವುದರಿಂದ ಬೆವರು ಬೇಗ ಆರುವುದಿಲ್ಲ. ಬಾಯಾರುವ ಮೊದಲೇ ನೀರು, ಹಸಿಯುವ ಮೊದಲೇ ಆಹಾರ ಎಂಬ ನಿಯಮವಿರಬೇಕು. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಎಳನೀರು, ಬಂದವರಿಗೆ ಈ ಸೀಮೆಯ ಮನೆಗಳಲ್ಲಿ ಕೊಡುವ ಬೆಲ್ಲ–ನೀರು, ಇವುಗಳಿಗಿಂತ ಮಿಗಿಲಾದ ಪಾನೀಯವನ್ನು ಪೇಟೆಯಲ್ಲಿ ಹುಡುಕಬೇಕಿಲ್ಲ.

ಗುಂಪಿನ ಧರ್ಮ

ಸಮತಟ್ಟಾದ ನೆಲದಲ್ಲಿ ವೇಗವಾಗಿ ಹೋಗುವವರು ಒಬ್ಬರ ಹಿಂದೊಬ್ಬರು ಸಾಗಿದರೆ ಹಿಂದಿನವರಿಗೆ ಗಾಳಿಯ ತಡೆ ಕಡಿಮೆಯಾಗುತ್ತದೆ. ಏರಿನ ನಿಧಾನಗತಿಯಲ್ಲಿ ಈ ಲಾಭ ಇಲ್ಲವೆನ್ನುವಷ್ಟು ಅಲ್ಪ. ಅಲ್ಲಿ ಪ್ರತಿಯೊಬ್ಬನೂ ತನ್ನ ಭಾರವನ್ನು ತಾನೇ ಎತ್ತಬೇಕು. ಆದುದರಿಂದಲೇ ಗುಡ್ಡದ ಹಾದಿಯಲ್ಲಿ ಗುಂಪು ತಾನಾಗಿಯೇ ಚದುರುತ್ತದೆ. ಅದನ್ನು ಮತ್ತೆ ಕೂಡಿಸುವುದು ಮನುಷ್ಯಪ್ರಯತ್ನದಿಂದ ಆಗಬೇಕಾದ ಕೆಲಸ.

ಇದಕ್ಕೆ ಕೆಲವು ನಿಯಮಗಳು ಅವಶ್ಯ. ಆರೆಂಟು ಮಕ್ಕಳಿಗೆ ಒಂದು ತಂಡ. ಮುಂದೆ ದಾರಿ ಬಲ್ಲ ಒಬ್ಬರು, ಎಲ್ಲರಿಗಿಂತ ಹಿಂದೆ ಅನುಭವಿಯಾದ ಒಬ್ಬ ಅಧ್ಯಾಪಕರು. ಹೆದ್ದಾರಿಯಲ್ಲಿ ಒಂದೇ ಸಾಲು. ತಿರುವಿನಲ್ಲಿ ನಿಲ್ಲಬಾರದು, ಏರಿನ ತುದಿಯಲ್ಲಿ, ರಸ್ತೆಯನ್ನು ಬಿಟ್ಟು, ಎಲ್ಲರೂ ಕೂಡಬೇಕು. ಇಲ್ಲಿ ಅನೇಕರು ಮರೆಯುವ ಒಂದಂಶವಿದೆ. ಮುಂದೆ ತಲುಪಿದವರು ಹತ್ತು ನಿಮಿಷ ದಣಿವಾರಿಸಿಕೊಂಡಿರುತ್ತಾರೆ. ಕೊನೆಯವನು ಬಂದೊಡನೆ ‘ಎಲ್ಲರೂ ಬಂದಾಯಿತು, ಹೊರಡೋಣ’ ಎಂದುಬಿಟ್ಟರೆ, ಅತ್ಯಂತ ದಣಿದವನಿಗೇ ವಿಶ್ರಾಂತಿ ತಪ್ಪುತ್ತದೆ. ಇದು ಮರುಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಅವನ ಕೈಕಾಲು ಸೋತು, ಇಳಿಜಾರಿನಲ್ಲಿ ಬ್ರೇಕು ಹಿಡಿಯುವ ಎಚ್ಚರವೂ ತಪ್ಪೀತು. ವಿಶ್ರಾಂತಿಯ ಗಡಿಯಾರವು ಕೊನೆಯವನು ಬಂದ ಮೇಲೆಯೇ ಆರಂಭವಾಗಬೇಕು. ಹಿಂದುಳಿದ ವಿದ್ಯಾರ್ಥಿಯ ವಿಷಯದಲ್ಲಿ ತರಗತಿಯ ಕೋಣೆಗೂ ಇದೇ ಮಾತು ಸಲ್ಲುತ್ತದೆ.

ಶಾಲೆಗಳ ಹೊಣೆ

2006–07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. ದೂರದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅದರಿಂದಾದ ಉಪಕಾರ ಚಿಕ್ಕದಲ್ಲ. ಆದರೆ ಸೈಕಲ್ಲನ್ನು ಕೊಡುವುದು ಒಂದು, ಅದನ್ನು ನಡೆಸುವ ವಿದ್ಯೆಯನ್ನು ಕೊಡುವುದು ಇನ್ನೊಂದು. ಟ್ಯೂಬಿನ ರಂಧ್ರವನ್ನು ನೀರಿನಲ್ಲಿ ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚು ಅಂಟಿಸಲು ಬಾರದ ಮಗುವಿಗೆ ಒಂದು ಮುಳ್ಳು ಚುಚ್ಚಿದರೆ ಸೈಕಲ್ಲು ಮೂಲೆ ಸೇರುತ್ತದೆ. ಪೇಟೆಗಳಲ್ಲಿ ಸೈಕಲ್ ಷಾಪುಗಳು ಕಡಿಮೆಯಾಗುತ್ತಿರುವಾಗ ಈ ಕೈಕೆಲಸವನ್ನು ಶಾಲೆಯೇ ಕಲಿಸಬೇಕಾಗಿದೆ.

ವೇಗದ ವಾಹನಗಳಿಂದ ತುಂಬಿದ ರಸ್ತೆಗೆ ಮಕ್ಕಳನ್ನು ಕಳುಹಿಸಲು ತಂದೆತಾಯಿಗಳು ಅಂಜುವುದು ಸಹಜ. ಆ ಅಂಜಿಕೆಯನ್ನು ಹಗುರವಾಗಿ ಎಣಿಸಲಾಗದು. ಮೊದಲು ಶಾಲೆಯ ಮೈದಾನ, ಬಳಿಕ ಒಳದಾರಿಗಳಲ್ಲಿ 15–20 ಕಿಲೋಮೀಟರು, ಕೆಲವು ತಿಂಗಳ ಅಭ್ಯಾಸದ ನಂತರ 40 ಕಿಲೋಮೀಟರು, ಹೀಗೆ ಹಂತಹಂತವಾಗಿ ಸಾಗಬೇಕು. ದಾನಿಗಳು ಹೊಸ ಸೈಕಲ್ಲುಗಳಿಗಿಂತ ಮೊದಲು ತಲೆಗಾಪು, ದೀಪ, ಪಂಪು, ಬ್ರೇಕಿನ ರಬ್ಬರು, ಸ್ಪ್ಯಾನರುಗಳ ಒಂದು ಪೆಟ್ಟಿಗೆಯನ್ನು ಶಾಲೆಗೆ ಒದಗಿಸಿದರೆ, ಅಲ್ಪ ವೆಚ್ಚದಲ್ಲಿ ದೊಡ್ಡ ಉಪಕಾರವಾದೀತು.

ಉಪಸಂಹಾರ

ಬಸ್ಸಿನ ಕಿಟಕಿಯಲ್ಲಿ ಊರುಗಳು ಹೆಸರುಗಳಾಗಿ ಸರಿದುಹೋಗುತ್ತವೆ. ಸೈಕಲ್ಲಿನ ಮೇಲೆ ಪ್ರತಿಯೊಂದು ಊರೂ ಒಂದು ಏರಾಗಿ, ಒಂದು ನೆರಳಾಗಿ, ನೀರು ಕೊಟ್ಟ ಒಂದು ಮನೆಯಾಗಿ ನೆನಪಿನಲ್ಲಿ ಉಳಿಯುತ್ತದೆ. ಕೆದಂಬಾಡಿಯಂತಹ ಹಾದಿಗಳು ಕನ್ನಡನಾಡಿನ ಪ್ರತಿಯೊಂದು ತಾಲೂಕಿನಲ್ಲಿಯೂ ಇವೆ. ಹೊರಟ ಮಕ್ಕಳೆಲ್ಲರೂ ಕ್ಷೇಮವಾಗಿ, ಒಟ್ಟಾಗಿ ಮರಳಿ ಬರುವುದೇ ಇಂತಹ ಪ್ರವಾಸದ ಗುರಿ. ಅದನ್ನು ಸಾಧಿಸುವ ಎಚ್ಚರ ಮತ್ತು ಸಹನೆ ಅಧ್ಯಾಪಕರಲ್ಲಿರುವ ಶಾಲೆ ನಿಶ್ಚಿಂತೆಯಿಂದ ಈ ಕಾರ್ಯವನ್ನು ಕೈಗೊಳ್ಳಬಹುದು.