ಏಳನೇ ತರಗತಿ ಮುಗಿದ ಮೇಲೆ

ಕುಷ್ಟಗಿ ತಾಲ್ಲೂಕಿನಲ್ಲಿ ಸೀಡ್ಸ್ ಬೆಳೆಯುವ ಹಳ್ಳಿಗೆ ಸೆಪ್ಟೆಂಬರಿನಲ್ಲಿ ಹೋಗಿ ಆರು, ಏಳನೇ ತರಗತಿಯ ಹಾಜರಿ ಪುಸ್ತಕ ತೆರೆದರೆ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟಿರುತ್ತದೆ. ಮನೆಗೆ ಹೋಗಿ ಕೇಳಿದರೆ, ‘ಸೀಡ್ಸಿಗೆ ಹೋಗ್ಯಾಳ್ರಿ, ಅದು ಮುಗದ ಮ್ಯಾಲೆ ಸಾಲಿಗೆ ಬರ್ತಾಳ’ ಎನ್ನುತ್ತಾರೆ. ಸೀಡ್ಸ್ ಎಂದರೆ ಹತ್ತಿಯ ಹೈಬ್ರಿಡ್ ಬೀಜ ತಯಾರಾಗುವ ಹೊಲಗಳು. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಿ, ಒಳಗಿನ ಶಲಾಕೆಗೆ ಪೆಟ್ಟಾಗದಂತೆ ಕೇಸರಗಳನ್ನಷ್ಟೇ ಬಿಡಿಸಿ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಒಂದೊಂದಕ್ಕೂ ಪರಾಗ ಸವರಬೇಕು. ಬಿಸಿಲೇರುವುದರೊಳಗೆ ಅದು ಮುಗಿಯಬೇಕು. ಶಾಲೆಯ ಹೊತ್ತಿನ ಎರಡೂ ತುದಿ ಹೀಗೆ ಹೊಲಕ್ಕೆ ಹೋಗುತ್ತದೆ. ಹುಡುಗಿಯರ ಬೆರಳು ಸಣ್ಣ, ಕೂಲಿಯೂ ಕಡಿಮೆ. ಎಷ್ಟೋ ಕಡೆ ತಂದೆ ತಾಯಿ ಮುಂಗಡ ತೆಗೆದುಕೊಂಡಿರುತ್ತಾರೆ.

ನಾನು ಇದೇ ಕೊಪ್ಪಳ ಜಿಲ್ಲೆಯವಳು. ಪದವಿ ಮುಗಿದ ಹೊಸತರಲ್ಲಿ, ಹೊರದೇಶಗಳಿಂದ ಬರುತ್ತಿದ್ದ ಯುವ ಸ್ವಯಂಸೇವಕರ ಜೊತೆಗಾರ್ತಿಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿದೆ. ಅವರು ಹೋದ ಮೇಲೂ ಆ ಕೆಲಸದಲ್ಲೇ ಉಳಿದೆ. ಈಗ ಬೆಂಗಳೂರಿನ ಕಂಪನಿಗಳಿಂದ, ಅಮೆರಿಕದ ಕನ್ನಡ ಕುಟುಂಬಗಳಿಂದಲೂ ಯುವಕ ಯುವತಿಯರು ಬರುತ್ತಾರೆ. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಏನಾದರೂ ಮಾಡಬೇಕೆಂಬ ಅವರ ಆಸೆ ಸಾಚಾ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಲಿತದ್ದು, ಹಳ್ಳಿಯ ಕ್ಯಾಲೆಂಡರ್ ಓದುವುದನ್ನು. ಬರುವವರು ತಮ್ಮ ರಜೆಗೆ ಹೊಂದಿಸಿಕೊಂಡು ಬರುತ್ತಾರೆ. ಹುಡುಗಿಯರ ವರ್ಷ ಬೇರೆಯೇ ತರಹ ಹಂಚಿಹೋಗಿರುತ್ತದೆ. ಮುಂಗಾರಿನಿಂದ ದೀಪಾವಳಿಯವರೆಗೆ ಸೀಡ್ಸ್. ಆಮೇಲೆ ಮಳೆ ಕೈಕೊಟ್ಟ ವರ್ಷ ಇಡೀ ಮನೆಯೇ ಮಂಗಳೂರು, ಉಡುಪಿ, ಗೋವಾ, ಬೆಂಗಳೂರು ಕಡೆ ಗುಳೆ ಹೊರಡುತ್ತದೆ. ಬೇಸಿಗೆಯಲ್ಲಿ ಮದುವೆಗಳು. ಎರಡು ವಾರಕ್ಕೆಂದು ಅಕ್ಟೋಬರಿನಲ್ಲಿ ಬಂದು ಖಾಲಿ ತರಗತಿಯಲ್ಲಿ ಬಣ್ಣದ ಕಾಗದ ಕತ್ತರಿಸಿ ಹಿಂತಿರುಗಿದವರನ್ನು ನೋಡಿದ್ದೇನೆ. ಅದೇ ತಿಂಗಳಲ್ಲಿ ಸಂಜೆ ಏಳಕ್ಕೆ, ಹೊಲದಿಂದ ಬಂದ ಹುಡುಗಿಯರು ರೊಟ್ಟಿ ಬಡಿದು ಮುಗಿಸಿದ ಮೇಲೆ, ದೇವಸ್ಥಾನದ ಕಟ್ಟೆಯ ಮೇಲೆ ಲೆಕ್ಕ ಹೇಳಿಕೊಟ್ಟವರನ್ನೂ ನೋಡಿದ್ದೇನೆ. ಆ ಪಾಠ ನಡೆದದ್ದರಿಂದ ಸೀಡ್ಸ್ ಮುಗಿದ ಮೇಲೆ ಹುಡುಗಿಯರಿಗೆ ಶಾಲೆಗೆ ಮರಳಲು ಹೆದರಿಕೆ ಆಗಲಿಲ್ಲ. ಎರಡು ತಿಂಗಳು ತಪ್ಪಿದ ಮಗುವಿಗೆ ಭಿನ್ನರಾಶಿ ಅರ್ಥವಾಗದಿದ್ದರೆ ಅವಳು ಮತ್ತೆ ಬರುವುದಿಲ್ಲ. ಅವಳು ಶಾಲೆ ಬಿಟ್ಟದ್ದಕ್ಕೆ ಊರವರು ಬಡತನದ ಕಾರಣ ಕೊಡುತ್ತಾರೆ. ಅರ್ಧ ಕಾರಣ ಆ ಭಿನ್ನರಾಶಿಯಲ್ಲಿರುತ್ತದೆ.

ಕಾನೂನು ಇಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಇದೆ. ಆದರೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಶಾಲೆಯ ಹೊತ್ತಿನಾಚೆಗೆ ಕುಟುಂಬದ ಕೆಲಸಕ್ಕೆ ಮಕ್ಕಳು ಕೈಜೋಡಿಸಬಹುದು. ಹೊಲ ಯಾರದೆಂದು ಕೇಳಿದರೆ ‘ನಮ್ಮ ಕಾಕಾಂದ್ರಿ’ ಎಂಬ ಉತ್ತರ ಬರುತ್ತದೆ. ಅದಕ್ಕೇ ಜಗಳಕ್ಕಿಂತ ಹಾಜರಿ ಪುಸ್ತಕ ಹಿಡಿದುಕೊಂಡು ಮನೆಗೆ ಹೋಗುವುದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಒಂದೇ ಜಿಲ್ಲೆಯೆಂದು ಇದನ್ನು ಒಂದೇ ಊರಿನಂತೆ ನೋಡಬಾರದು. ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯೊಳಗೇ ಎರಡು ನಾಡುಗಳಿವೆ. ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಭತ್ತ, ರೈಸ್ ಮಿಲ್, ತೆಲುಗು ಮಾತನಾಡುವ ಕ್ಯಾಂಪುಗಳು, ಕೈಯಲ್ಲಿ ಓಡಾಡುವ ದುಡ್ಡು. ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿದ ಎರೆ, ಮಸಾರಿ ಹೊಲಗಳು. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿ ಈ ಎರಡೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಆನೆಗುಂದಿ, ವಿರುಪಾಪುರಗಡ್ಡೆ ಕಡೆಯ ಜನಕ್ಕೆ ವಿದೇಶಿಯರೆಂದರೆ ಪ್ರವಾಸಿಗರು. ಅಲ್ಲಿ ಬಿಳಿ ಮುಖ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಆನೆಗುಂದಿಯಲ್ಲಿ ಶಮಾ ಪವಾರ್ ಅವರು ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕೆಲಸದಿಂದ ಹೆಂಗಸರ ಕೈಗೆ ಸಂಪಾದನೆ ತಂದದ್ದನ್ನು ಆ ಊರು ಕಣ್ಣಾರೆ ಕಂಡಿದೆ. ಯಲಬುರ್ಗಾದ ಒಳಹಳ್ಳಿಯಲ್ಲಿ ಹಾಗಲ್ಲ, ಅದೇ ಮುಖ ಕಂಡರೆ ಊರೇ ಕಟ್ಟೆಗೆ ಬರುತ್ತದೆ.

ಆ ಊರೇ ಕಟ್ಟೆಗೆ ಬರುವ ಗಳಿಗೆಯನ್ನು ಬಳಸಿಕೊಳ್ಳಬೇಕು. ವಿದೇಶಿ ಸ್ವಯಂಸೇವಕರಿಂದ ಆದ ದೊಡ್ಡ ಉಪಯೋಗ ಅವರು ಕಲಿಸಿದ ಇಂಗ್ಲಿಷ್ ಪದ್ಯಗಳಿಂದ ಆದದ್ದಲ್ಲ. ಅವರು ಬಂದಿದ್ದಾರೆಂದು ಪಂಚಾಯ್ತಿ ಸದಸ್ಯರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಎಂದೂ ಕೈಗೆ ಸಿಗದ ಹಿರಿಯರು ಒಟ್ಟಿಗೆ ಕುಳಿತರು. ನಾವು ಅಲ್ಲಿಗೆ ಬರಿಗೈಲಿ ಹೋಗುತ್ತಿರಲಿಲ್ಲ. ಒಂದು ಊರಿನಲ್ಲಿ ಏಳನೇ ತರಗತಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯರ ಹೆಸರು, ಪ್ರೌಢಶಾಲೆ ಇರುವ ಊರಿನ ದೂರ, ಗಂಟೆ ಹೊಡೆಯುವ ಹೊತ್ತು, ಬಸ್ಸು ಬರುವ ಹೊತ್ತು, ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಂಡು ಹೋಗಿದ್ದೆವು. ಗಂಟೆ ಹೊಡೆದ ಮೇಲೆ ಬಸ್ಸು ಬರುತ್ತಿತ್ತು. ಎಲ್ಲರೂ ಕೂತಾಗಲೇ ಅರ್ಜಿಗೆ ಸಹಿ ಬಿತ್ತು, ಮುಖ್ಯೋಪಾಧ್ಯಾಯರ ಪತ್ರ ಸೇರಿತು. ಡಿಪೊಗೆ ಅಲೆದದ್ದು ಆ ಊರಿನ ತಾಯಂದಿರೇ. ಬಸ್ಸಿನ ಹೊತ್ತು ಬದಲಾದ ಮೇಲೆ ಅದೇ ಹುಡುಗಿಯರಲ್ಲಿ ಬಹಳ ಜನ ಎಂಟನೇ ತರಗತಿಗೆ ಸೇರಿದರು.

ನಮ್ಮ ಕಡೆ ಪೆಟ್ಟು ಬೀಳುವುದು ಈ ಜಾಗದಲ್ಲೇ, ಏಳು ಮತ್ತು ಎಂಟರ ನಡುವೆ. ಊರಿನ ಶಾಲೆ ಮುಗಿಯುತ್ತದೆ, ಹೈಸ್ಕೂಲು ಬೇರೆ ಊರಿನಲ್ಲಿರುತ್ತದೆ, ಹುಡುಗಿ ದೊಡ್ಡವಳಾಗಿರುತ್ತಾಳೆ. 2006-07ರಲ್ಲಿ ಎಂಟನೇ ತರಗತಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದಾಗ ಆದ ಬದಲಾವಣೆಯನ್ನು ನಾನು ಎಂದೂ ಮರೆಯುವುದಿಲ್ಲ. ಹುಡುಗಿಯರು ಗುಂಪು ಕಟ್ಟಿಕೊಂಡು ರಸ್ತೆಗೆ ಇಳಿದರು, ಅಪ್ಪಂದಿರಿಗೆ ಅದು ಕಣ್ಣಿಗೆ ರೂಢಿಯಾಯಿತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಆದರೆ ಬಸ್ಸು ನಿಲ್ಲಬೇಕಲ್ಲ! 2011ರ ಜನಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 57ರ ಆಸುಪಾಸಿನಲ್ಲಿತ್ತು, ರಾಜ್ಯದ್ದು ಶೇ. 68. ಆ ಅಂತರವನ್ನು ಜಾಗೃತಿಯ ಕೊರತೆ ಎಂದು ವಿವರಿಸುವವರ ಮೇಲೆ ನನಗೆ ಸಿಟ್ಟಿದೆ. ನಾನು ಮಾತನಾಡಿಸಿದ ತಾಯಂದಿರಲ್ಲಿ ಓದು ಬೇಡವೆಂದವರು ಇಲ್ಲವೆನ್ನುವಷ್ಟು ಕಡಿಮೆ. ‘ಕತ್ತಲಾದ ಮ್ಯಾಲೆ ಆಕಿನ್ನ ಯಾರು ಕರಕೊಂಡು ಬರ್ತಾರ್ರಿ?’ ಎಂದು ಕೇಳಿದವರೇ ಎಲ್ಲ.

ನಮ್ಮ ಜೊತೆ ಇಂಗ್ಲೆಂಡಿನ ಒಬ್ಬ ಹುಡುಗಿ ಇದ್ದಳು. ಅವಳ ಬಳಿ ‘ಆತ್ಮವಿಶ್ವಾಸ’ದ ಆಟಗಳ ಒಂದು ಕಟ್ಟೇ ಇತ್ತು. ಹುಡುಗಿಯರು ಆಡಿದರು, ನಕ್ಕರು. ಕೊನೆಗೆ ಒಬ್ಬಳು ಕೇಳಿದಳು, ‘ನಿಮ್ಮವ್ವ ನಿನ್ನ ಒಬ್ಬಾಕಿನ್ನ ಇಷ್ಟು ದೂರ ಹ್ಯಾಂಗ ಕಳಿಸಿದ್ಲು?’ ಆ ಹುಡುಗಿ ತನ್ನ ಕಥೆ ಹೇಳಿದಳು. ಅಮ್ಮ ಒಬ್ಬಳೇ ಬೆಳೆಸಿದ್ದು, ಅಂಗಡಿಯಲ್ಲಿ ಕೆಲಸ ಮಾಡಿ ದುಡ್ಡು ಕೂಡಿಟ್ಟದ್ದು, ಹೊರಡುವ ಹಿಂದಿನ ರಾತ್ರಿ ಅಮ್ಮನ ಜೊತೆ ಜಗಳವಾದದ್ದು. ಕಟ್ಟಿನಲ್ಲಿದ್ದ ಯಾವ ಆಟಕ್ಕೂ ಇಲ್ಲದ ಗಮನ ಆ ಅರ್ಧ ಗಂಟೆಗೆ ಸಿಕ್ಕಿತು. ಮರುದಿನ ಹುಡುಗಿಯರು ತಂತಮ್ಮ ಅವ್ವಂದಿರ ಜೊತೆ ಆಡಬೇಕೆಂದಿದ್ದ ಜಗಳಗಳನ್ನು ಹೇಳಿಕೊಳ್ಳತೊಡಗಿದರು.

ಬರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪರಿಚಯಕ್ಕೆಂದು ಮಕ್ಕಳಿಗೆ ‘ನಿನ್ನ ಅಪ್ಪ ಏನು ಮಾಡ್ತಾರೆ?’ ಎಂದು ಕೇಳಬೇಡಿ, ವಂಶವೃಕ್ಷ ಬರೆಸಬೇಡಿ. ದೇವದಾಸಿ ಪದ್ಧತಿಯನ್ನು ರಾಜ್ಯ ನಿಷೇಧಿಸಿದ ಕಾನೂನು 1982ರದ್ದು. ಆದರೂ ಆ ಪದ್ಧತಿಗೆ ಸಿಕ್ಕ ತಾಯಂದಿರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಖಾಲಿ ಜಾಗ ಅವರನ್ನು ಎಷ್ಟು ವರ್ಷ ಕಾಡಿದೆ ಎಂಬುದು ಅವರಿಗೇ ಗೊತ್ತು. ಅವರ ಮುಖದ ಫೋಟೊ ಯಾವ ವರದಿಗೂ ಬೇಡ.

ಬಾಲ್ಯವಿವಾಹದ ವಿಷಯದಲ್ಲಿ ಹೊರಗಿನವರಿಗೆ ತಕ್ಷಣ ತಡೆಯಬೇಕೆಂಬ ಆತುರ ಇರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಜ್ಯದ ತಿದ್ದುಪಡಿಯಿಂದಾಗಿ ಅಂಥ ಮದುವೆ ಈಗ ಮೊದಲಿನಿಂದಲೇ ಅಸಿಂಧು. ಕೊಪ್ಪಳದ ಗವಿಮಠದ ಜಾತ್ರೆಯ ಜಾಗೃತಿ ಜಾಥಾದಲ್ಲಿ ಸಾವಿರಾರು ಮಕ್ಕಳು ಇದರ ವಿರುದ್ಧ ಘೋಷಣೆ ಕೂಗಿದ್ದಾರೆ. ಆದರೆ ಅಧಿಕಾರಿಗಳ ಜೀಪು ಹೋದ ಮೇಲಿನ ದಿನಗಳು ಆ ಹುಡುಗಿಗೆ ಬಹಳ ಕಷ್ಟದವು. ಚಪ್ಪರದ ಸಾಲ, ನೆಂಟರ ಮಾತು, ಅಪ್ಪನ ಮೌನ ಎಲ್ಲವೂ ಅವಳ ಮೇಲೆಯೇ. ಆ ಮನೆಗೆ ಮರುದಿನ, ಮರುವಾರ, ಮರುತಿಂಗಳು ಹೋಗುವವರು ಬೇಕು. ಕರೆ ಮಾಡಿ ಊರಿಗೆ ಹಿಂತಿರುಗುವವರು ಆ ಕೆಲಸಕ್ಕೆ ಸ್ಥಳೀಯರೊಬ್ಬರನ್ನು ಮೊದಲೇ ಗೊತ್ತು ಮಾಡಿರಬೇಕು. ಅಂಗನವಾಡಿ ಕಾರ್ಯಕರ್ತೆ, ಆಶಾ, ಸಂಘದ ಹಿರಿಯ ಹೆಂಗಸು, ಯಾರಾದರೂ ಸರಿ.

ಸಂಘ ಎಂದಾಗ ಮಹಿಳಾ ಸಮಾಖ್ಯಾ ನೆನಪಾಗುತ್ತದೆ. 1989ರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ನೆರವಿನಿಂದ ಕರ್ನಾಟಕದಲ್ಲಿ ಶುರುವಾಗಿ ಮುಂದೆ ಅವಿಭಜಿತ ರಾಯಚೂರು ಜಿಲ್ಲೆಗೂ ಬಂದ ಕಾರ್ಯಕ್ರಮ ಅದು. ಹಣ ಹೊರದೇಶದ್ದು. ಹಳ್ಳಿಯಲ್ಲಿ ಕಂಡ ಮುಖಗಳೆಲ್ಲ ಹಳ್ಳಿಯ ಹೆಂಗಸರದೇ. ಶಾಲೆ ಬಿಟ್ಟ ಹುಡುಗಿಯರಿಗೆ ವಸತಿ ಸಹಿತ ಮಹಿಳಾ ಶಿಕ್ಷಣ ಕೇಂದ್ರಗಳನ್ನು ನಡೆಸಿದರು. ಆ ಕಾರ್ಯಕ್ರಮ ನಿಂತು ಎಷ್ಟೋ ವರ್ಷವಾಯಿತು. ಇಂದಿಗೂ ಒಂದು ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂದು ಹುಡುಕಿದರೆ ಆ ಸಂಘದ ಹೆಂಗಸೊಬ್ಬಳು ಸಿಗುತ್ತಾಳೆ. ಹೊರಗಿನ ನೆರವು ಹೀಗೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲೇ ಇರುವ ಇಬ್ಬರ ಕಥೆಯನ್ನು ಬಂದವರಿಗೆಲ್ಲ ಹೇಳುತ್ತೇನೆ. ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮಗಿದ್ದ ಎರಡು ಎಕರೆ ಜಮೀನನ್ನು ಊರಿನ ಶಾಲೆಗೆ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಗಂಗಾವತಿ ಕಡೆಯ ದಾನಾಪುರದ ಮಲ್ಲಮ್ಮ 2016ರಲ್ಲಿ 16ರ ಹುಡುಗಿ. ಮನೆಗೆ ಶೌಚಾಲಯ ಬೇಕೆಂದು ಮನೆಯವರ ವಿರುದ್ಧವೇ ಅನ್ನ ಬಿಟ್ಟು ಕುಳಿತಳು. ಗ್ರಾಮ ಪಂಚಾಯ್ತಿ ಅಧ್ಯಕ್ಷ ಮೊಹಮ್ಮದ್ ಶಫಿ 18,000 ರೂಪಾಯಿ ಹೊಂದಿಸಿ ವಾರದೊಳಗೆ ಕಟ್ಟಿಸಿಕೊಟ್ಟರು. ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಅವಳ ಹೆಸರು ಹೇಳಿದರು. ಅವಳ ಹಟ ಅವಳದ್ದೇ. ಆ ಹಟಕ್ಕೆ ಒಬ್ಬ ಅಧ್ಯಕ್ಷರು ಕಿವಿಗೊಟ್ಟರು. ಸ್ವಯಂಸೇವೆಗೆ ಬಂದವರು ಶಫಿಯವರ ಜಾಗದಲ್ಲಿ ನಿಂತು ಯೋಚಿಸಿದರೆ ತಮ್ಮ ಕೆಲಸ ಯಾವುದೆಂದು ಬೇಗ ಹೊಳೆಯುತ್ತದೆ.

ಈಗ ನನ್ನ ಹೆಚ್ಚಿನ ಹೊತ್ತು ಹೋಗುವುದು ಎಸ್ಸೆಸ್ಸೆಲ್ಸಿ ಆದ ಮೇಲಿನ ಕೆಲಸಕ್ಕೆ. ಫಲಿತಾಂಶ ಬಂದು ಪಿಯು ಪ್ರವೇಶ, ಹಾಸ್ಟೆಲ್ ಅರ್ಜಿ ಮುಗಿಯುವವರೆಗಿನ ಅವಧಿ ಬಹಳ ಚಿಕ್ಕದು. ಆಧಾರಿನಲ್ಲಿ ಒಂದು ಹೆಸರು, ಟಿಸಿಯಲ್ಲಿ ಇನ್ನೊಂದು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯಬೇಕಾದ ಅಪ್ಪ ಮಂಗಳೂರಿನ ಕಟ್ಟಡದ ಮೇಲಿರುತ್ತಾನೆ. ಹಾಸ್ಟೆಲ್ ಸಿಗದಿದ್ದರೆ ಆ ಬೇಸಿಗೆಯಲ್ಲೇ ಹುಡುಗಿಗೆ ಗಂಡು ನೋಡುತ್ತಾರೆ. ಈ ವರ್ಷ ಬರುವ ಮನಸ್ಸಿದ್ದವರು ಮೇ ತಿಂಗಳಲ್ಲಿ ಬನ್ನಿ. ಬಿಸಿಲು ಕೆಂಡದಂತಿರುತ್ತದೆ, ಕರೆಂಟು ಹೋಗುತ್ತಿರುತ್ತದೆ. ಒಂದು ಲ್ಯಾಪ್‌ಟಾಪ್, ನೆಟ್ ಇರುವ ಒಂದು ಫೋನ್ ತನ್ನಿ. ಕುಷ್ಟಗಿ ಬಸ್ ನಿಲ್ದಾಣದಲ್ಲಿ ಇಳಿದರೆ ಅರ್ಜಿ ತುಂಬಬೇಕಾದ ಹುಡುಗಿಯರ ಪಟ್ಟಿ ನನ್ನ ಕೈಯಲ್ಲೇ ಇರುತ್ತದೆ.